ತರಂಗಂಬಾಡಿಯಲ್ಲಿ ಒಂದು ವಾರ

ವಾರವೆಂಬ ಕಾಲಮಾನವು ನಮ್ಮ ಪಾಠಶಾಲೆಗಳಿಗೆ ಬಹುಕಾಲ ಹೊರಗಿನದಾಗಿಯೇ ಇದ್ದಿತು. ಭಾನುಸೋಮಾದಿ ಏಳು ಹೆಸರುಗಳು ಪಂಚಾಂಗದಲ್ಲಿ ಇಲ್ಲದಿಲ್ಲ. ಆದರೆ ವಿದ್ಯಾರ್ಥಿಯ ದುಡಿಮೆಯೂ ಬಿಡುವೂ ನಡೆಯುತ್ತಿದ್ದುದು ತಿಥಿಯನ್ನನುಸರಿಸಿಯೇ ಹೊರತು ವಾರವನ್ನಲ್ಲ. ಅಮಾವಾಸ್ಯೆಯ ಪಾಠವು ಗುರುವಿಗೂ ಚತುರ್ದಶಿಯ ಪಾಠವು ಶಿಷ್ಯನಿಗೂ ಆಗದೆಂದು ಸ್ಮೃತಿಕಾರರು ಹೇಳಿದ್ದಾರೆ. ಈ ಲೇಖಕನು ಓದಿದ ಪಾಠಶಾಲೆಯಲ್ಲಿಯೂ ಪ್ರತಿಪತ್ತು ಅಷ್ಟಮಿಗಳಂದು ಪುಸ್ತಕಕ್ಕೆ ಕಟ್ಟು ಬೀಳುತ್ತಿದ್ದಿತು. ಭಾನುವಾರವೆಂದರೆ ಬಿಡುವು ಎಂಬುದನ್ನು ನಾವು ಕಲಿತದ್ದು ಬೀದಿಯಾಚೆಯ ಸರಕಾರಿ ಶಾಲೆಯ ಹುಡುಗರಿಂದ. ಏಳು ದಿನಗಳ ಆವರ್ತನವನ್ನೇ ಬಾಳಿನ ಅಳತೆಗೋಲಾಗಿ ಹಿಡಿದು, ಆರು ದಿನ ಕಲಿತು ಏಳನೆಯ ದಿನ ಬೋಧಿಸುವ ಒಂದು ಕ್ರಮವು ದಕ್ಷಿಣದೇಶದ ಭಾಷಾಧ್ಯಯನದಲ್ಲಿ ಎಂದು ಮೊದಲಾಯಿತು, ಅದರಿಂದ ಏನಾಯಿತು ಎಂಬುದನ್ನು ಒಬ್ಬ ವ್ಯಕ್ತಿಯ ನಿದರ್ಶನದಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಆ ವ್ಯಕ್ತಿಯು ಬಾರ್ತೊಲೊಮೆಯುಸ್ ಜೀಗೆನ್‌ಬಾಲ್ಗ್ ಎಂಬ ಜರ್ಮನ್ ತರುಣನು; ಸ್ಥಳವು ಚೋಳಮಂಡಲ ತೀರದ ತರಂಗಂಬಾಡಿ; ಕಾಲವು ೧೭೦೬ರಿಂದ ೧೭೦೮ರ ವರೆಗಿನ ಎರಡು ವರ್ಷಗಳು.

ತರಂಗಂಬಾಡಿಯು ತಂಜಾವೂರಿನ ರಘುನಾಥನಾಯಕನು ೧೬೨೦ರಲ್ಲಿ ಡೇನರಿಗೆ ಬಿಟ್ಟುಕೊಟ್ಟ ಕಡಲ ಕರೆಯ ಊರು. ಅವರು ಅಲ್ಲಿ ಡಾನ್ಸ್‌ಬೋರ್ಗ್ ಎಂಬ ಕೋಟೆಯನ್ನು ಕಟ್ಟಿ ಮೆಣಸು ಬಟ್ಟೆಗಳ ವ್ಯಾಪಾರ ನಡೆಯಿಸಿದರು. ಸಾಹಿತ್ಯವನ್ನು ಬಲ್ಲ ವಾಚಕರಿಗೆ ರಘುನಾಥನಾಯಕನು ಕವಿಯಾಗಿಯೂ ಕವಿಪೋಷಕನಾಗಿಯೂ ಪರಿಚಿತನು. ಡೇನರ ರಾಜನಾದ ನಾಲ್ಕನೆಯ ಫ್ರೆಡರಿಕನು, ತನ್ನ ವ್ಯಾಪಾರದ ನೆಲೆಯಲ್ಲಿ ತನ್ನ ಮತದ ಬೋಧನೆಯೂ ನಡೆಯಬೇಕೆಂದು ಬಯಸಿ ಬೋಧಕರನ್ನು ಹುಡುಕಿಸಿದನು. ಸ್ವದೇಶದಲ್ಲಿ ಯಾರೂ ದೊರೆಯದಿರಲು, ಜರ್ಮನಿಯ ಹಾಲ್ಲೆ ಪಟ್ಟಣದಲ್ಲಿ ಫ್ರಾಂಕೆ ಎಂಬ ಭಕ್ತವಿದ್ವಾಂಸನ ಬಳಿ ಓದಿದ್ದ ಇಬ್ಬರು ಒಪ್ಪಿದರು. ಒಬ್ಬನು ಹೈನ್ರಿಖ್ ಪ್ಲೂಟ್ಷೌ, ಇನ್ನೊಬ್ಬನು ಸಾಕ್ಸನಿಯ ಪುಲ್ಸ್‌ನಿಟ್ಸ್ ಎಂಬ ಸಣ್ಣ ಊರಿನಲ್ಲಿ ೧೬೮೨ರಲ್ಲಿ ಹುಟ್ಟಿದ ಜೀಗೆನ್‌ಬಾಲ್ಗನು. ೧೭೦೫ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ಹಡಗು ೧೭೦೬ರ ಜುಲೈ ೯ರಂದು ತರಂಗಂಬಾಡಿಗೆ ಬಂದಿತು. ರಾಜನ ನಿರೂಪವು ಕೈಯಲ್ಲಿದ್ದರೂ ಕಂಪೆನಿಯ ಅಧಿಕಾರಿಗಳಿಗೆ ಇವರು ಬೇಡದ ಅತಿಥಿಗಳು. ಗವರ್ನರನಾದ ಹಾಸ್ಸಿಯುಸನು ಅವರನ್ನು ಬಹುಹೊತ್ತು ಬಿಸಿಲಿನಲ್ಲಿ ಕಾಯಿಸಿ ಸಂಜೆಯ ವೇಳೆಗೆ ಬೀದಿಯಲ್ಲಿ ಬಿಟ್ಟು ಹೋದನು. ವರ್ತಕನಿಗೆ ಬೋಧಕನು ಲಾಭದ ಬಾಬಲ್ಲವಷ್ಟೆ.

ಇಪ್ಪತ್ತನಾಲ್ಕರ ವಯಸ್ಸು, ಕೃಶಶರೀರ, ಬಾರದ ಭಾಷೆ. ಕರಾವಳಿಯಲ್ಲಿ ಆಗ ಎಲ್ಲರಿಗೂ ಅಷ್ಟಿಷ್ಟು ತಿಳಿಯುತ್ತಿದ್ದುದು ಒಂದು ಬಗೆಯ ಪೋರ್ತುಗೀಸು. ಅದನ್ನು ಕಲಿತರೆ ಸಾಕೆಂದು ಬಂದವರೆಲ್ಲರೂ ಎಣಿಸುತ್ತಿದ್ದರು. ಜೀಗೆನ್‌ಬಾಲ್ಗನು ಅದನ್ನೂ ಕಲಿತನು. ಆದರೆ ಕಡಲಂಚಿನ ಭಾಷೆಯಿಂದ ಒಳನಾಡಿನ ಮನಸ್ಸನ್ನು ಮುಟ್ಟಲಾಗದೆಂದು ಬೇಗನೆ ಅರಿತುಕೊಂಡನು. ಆಗಿನ ಯೂರೋಪಿಯನ್ನರು ತಮಿಳನ್ನು ‘ಮಲಬಾರಿ’ ಎಂದು ಕರೆಯುತ್ತಿದ್ದರು. ಇವನ ಬರೆಹಗಳಲ್ಲಿ ಮಲಬಾರಿಗಳೆಂದರೆ ತಮಿಳರೆಂದೇ ತಿಳಿಯಬೇಕು.

ಮುಂದೆ ಆತನು ಮಾಡಿದ್ದು ನಮ್ಮ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯವಾದ ಸಂಗತಿ. ಎಪ್ಪತ್ತರ ವಯಸ್ಸಿನ ಒಬ್ಬ ಉಪಾಧ್ಯಾಯನನ್ನು ಅವನ ಮಕ್ಕಳ ಸಮೇತ ತನ್ನ ಮನೆಗೇ ಕರೆಯಿಸಿಕೊಂಡು, ಆ ಮಕ್ಕಳ ಸಾಲಿನಲ್ಲಿ ತಾನೂ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿದನು. ನಮ್ಮ ಕಡೆಯ ಕೂಲಿಮಠವೂ ಆ ನಾಡಿನ ತಿಣ್ಣೆಯ ಶಾಲೆಯೂ ಒಂದೇ ಜಾತಿಯವು: ಜಗಲಿ, ಮರಳು, ಒಬ್ಬ ಹಿರಿಯ ಐಗಳು, ಎತ್ತರದ ದನಿಯಲ್ಲಿ ಒಕ್ಕೊರಲಿನ ಪಾಠ. ವಿಶ್ವವಿದ್ಯಾನಿಲಯದಲ್ಲಿ ಗ್ರೀಕ್ ಹೀಬ್ರೂಗಳನ್ನು ಓದಿ ಬಂದವನು ಐದಾರು ವರ್ಷದ ಹುಡುಗರ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದುವುದೆಂದರೆ ಅಹಂಕಾರವನ್ನು ಹೊರಗೆ ಬಿಟ್ಟಲ್ಲದೆ ಆಗದು. ಆದರೂ ಒಂದು ಕೊರತೆ ಉಳಿಯಿತು. ಅಕ್ಷರಗಳು ಬಂದುವು, ಓದಲು ಬಂದಿತು, ಅರ್ಥವಾಗಲಿಲ್ಲ. ಐಗಳಿಗೆ ಪೋರ್ತುಗೀಸು ತಿಳಿಯದು, ಶಿಷ್ಯನಿಗೆ ತಮಿಳು ತಿಳಿಯದು. ಅರ್ಥಜ್ಞಾನವಿಲ್ಲದ ಪಾಠವು ಬರಿಯ ಭಾರವೆಂದು ನಿರುಕ್ತಕಾರರ ಕಾಲದಿಂದ ಕೇಳುತ್ತ ಬಂದಿದ್ದೇವೆ. ಆಗ ಅಳೆಪ್ಪ ಎಂಬವನು ದೊರೆತನು. ಹಿಂದೆ ಕಂಪೆನಿಯ ದುಭಾಷಿಯಾಗಿದ್ದ ಈತನು ಪೋರ್ತುಗೀಸು, ಡೇನಿಷ್, ಜರ್ಮನ್, ಡಚ್ ಭಾಷೆಗಳನ್ನು ಬಲ್ಲವನು. ಇವನ ನೆರವಿನಿಂದ ಎಂಟು ತಿಂಗಳಲ್ಲಿ ಓದಿ ಬರೆದು ಮಾತನಾಡುವ ಮಟ್ಟಕ್ಕೆ ಬಂದೆನೆಂದು ತರುಣನು ತನ್ನ ದೇಶಕ್ಕೆ ಬರೆದುಕೊಂಡನು.

ಈತನ ದಿನಚರಿಯು ನಮಗೆ ಅವನ ಪತ್ರದಿಂದಲೇ ತಿಳಿಯುತ್ತದೆ. ಹಾಲ್ಲೆಗೆ ಕಳುಹಿಸಿದ ಪತ್ರಗಳು ಅಲ್ಲಿ ಅಚ್ಚಾಗಿ ಯೂರೋಪಿನಲ್ಲಿ ಹರಡಿದುವು. ಅವುಗಳಲ್ಲಿ ಒಂದರಲ್ಲಿ ತನ್ನ ದಿನವನ್ನು ಗಂಟೆಗಂಟೆಗೂ ವಿಂಗಡಿಸಿ ತಿಳಿಸಿದ್ದಾನೆ. ಅದು ಒಂದು ದಿನದ ಲೆಕ್ಕವಾದರೂ ನಿತ್ಯದ ನಿಯಮವಾದುದರಿಂದ, ಅದನ್ನೇ ಆರು ಬಾರಿ ಮಡಿಸಿ, ಮೇಲೆ ಭಾನುವಾರವನ್ನಿಟ್ಟರೆ ಆತನ ವಾರವಾಗುತ್ತದೆ.

ಬೆಳಗಿನ ಪ್ರಾರ್ಥನೆಯಾದ ಮೇಲೆ ಆರರಿಂದ ಏಳರ ವರೆಗೆ ಲೂಥರನ ಪ್ರಶ್ನೋತ್ತರ ಗ್ರಂಥವನ್ನು ತಮಿಳಿನಲ್ಲಿ ವಿವರಿಸುವುದು. ಏಳರಿಂದ ಎಂಟರ ವರೆಗೆ ಹಿಂದೆ ಕಲಿತು ಬರೆದಿಟ್ಟುಕೊಂಡ ಪದಗಳ ಮತ್ತು ನುಡಿಗಟ್ಟುಗಳ ಆವೃತ್ತಿ. ಎಂಟರಿಂದ ಹನ್ನೆರಡರ ವರೆಗೆ, ಎಂದರೆ ದಿನದ ಅತ್ಯುತ್ತಮವಾದ ನಾಲ್ಕು ಗಂಟೆಗಳು, ತಾನು ಹಿಂದೆ ಓದದ ತಮಿಳು ಗ್ರಂಥಗಳ ಪಠನ; ಎದುರಿಗೆ ಒಬ್ಬ ವೃದ್ಧಕವಿ, ಪಕ್ಕದಲ್ಲಿ ಒಬ್ಬ ಲಿಪಿಕಾರ. ಹನ್ನೆರಡರಿಂದ ಒಂದರ ವರೆಗೆ ಊಟ; ಆಗಲೂ ಒಬ್ಬನು ಓದಿ ಹೇಳುತ್ತಿರಬೇಕು. ಬಿಸಿಲು ದುಸ್ಸಹವಾದ್ದರಿಂದ ಒಂದರಿಂದ ಎರಡರ ವರೆಗೆ ವಿಶ್ರಾಂತಿ. ಎರಡರಿಂದ ಮೂರರ ವರೆಗೆ ಮನೆಯಲ್ಲಿ ಧರ್ಮಬೋಧೆ; ಮೂರರಿಂದ ಐದರ ವರೆಗೆ ಮರಳಿ ತಮಿಳು ಗ್ರಂಥಗಳು. ಅನಂತರ ಪ್ರಾರ್ಥನೆ, ಸಹೋದ್ಯೋಗಿಗಳೊಡನೆ ಆ ದಿನದ ಕೆಲಸದ ವಿಚಾರ. ರಾತ್ರಿ ಏಳರಿಂದ ಎಂಟರ ವರೆಗೆ ತಾನು ಓದುವುದಿಲ್ಲ, ಓದಿಸಿ ಕೇಳುತ್ತಾನೆ. ಏಕೆಂದರೆ ದೀಪದ ಬೆಳಕಿನಲ್ಲಿ ಕಣ್ಣಿಗೆ ಆಯಾಸ. ತನ್ನ ಮಾತಿಗೂ ಬರೆಹಕ್ಕೂ ಮಾದರಿಯಾಗಬಲ್ಲ ಶೈಲಿಯ ಗ್ರಂಥಕಾರರನ್ನೇ ಆ ಹೊತ್ತಿಗೆ ಆರಿಸಿಕೊಳ್ಳುತ್ತಿದ್ದನು. ಎಂಟರ ಮೇಲೆ ಊಟ, ಪುನಃ ಶ್ರವಣ. ಮಲಗುವ ಮುನ್ನ ಶಾಲೆಯ ಮಕ್ಕಳನ್ನು ಪರೀಕ್ಷಿಸಿ ಅವರೊಡನೆ ಮಾತುಕತೆ.

ಈ ದಿನಚರಿಯಲ್ಲಿ ಬೋಧನೆಗೆ ಸಂದ ಕಾಲವೆಷ್ಟು, ಅಧ್ಯಯನಕ್ಕೆ ಸಂದ ಕಾಲವೆಷ್ಟು ಎಂಬುದನ್ನು ಎಣಿಸಿ ನೋಡಬೇಕು. ಬೆಳಗಿನ ಆವೃತ್ತಿಯೊಂದು ಗಂಟೆ, ಪೂರ್ವಾಹ್ಣದಲ್ಲಿ ನಾಲ್ಕು, ಅಪರಾಹ್ಣದಲ್ಲಿ ಎರಡು, ರಾತ್ರಿಯಲ್ಲಿ ಒಂದು. ಊಟದ ಹೊತ್ತಿನ ಶ್ರವಣವನ್ನು ಬಿಟ್ಟರೂ ಎಂಟು ಗಂಟೆಗಳಾದುವು. ಬೋಧನೆಗೆ ಇದರ ಕಾಲುಭಾಗ. ಗುರುಕುಲದಲ್ಲಿ ಹನ್ನೆರಡು ವರ್ಷ ವ್ಯಾಕರಣವನ್ನು ಓದಿದ ನಮ್ಮ ಹಿರಿಯರೂ ಇದನ್ನು ಅಧ್ಯಯನವೆಂದೇ ಒಪ್ಪುತ್ತಿದ್ದರು.

ಪೂರ್ವಾಹ್ಣದ ಪಾಠಕ್ರಮವು ವಿಶೇಷವಾಗಿ ಗಮನಾರ್ಹವಾದದ್ದು. ಪದ್ಯವು ಕಠಿನವಾದರೆ ವೃದ್ಧಕವಿಯು ಅದನ್ನು ಆಡುಮಾತಿಗೆ ಇಳಿಸಿ ಹೇಳಬೇಕು. ಹೊಸ ಪದವು ಬಂದೊಡನೆ ಲಿಪಿಕಾರನು ಅದನ್ನು ಬರೆದುಕೊಳ್ಳಬೇಕು. ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂಬ ನಮ್ಮ ಪಾಠದ ಮೆಟ್ಟಿಲುಗಳೇ ಇವು. ಹೊಸದೆಂದರೆ ಲಿಪಿಕಾರನು ಮಾತ್ರ. ನಮ್ಮಲ್ಲಿ ವಿದ್ಯಾರ್ಥಿಯು ಅರ್ಥವನ್ನು ಕಂಠದಲ್ಲಿ ಇಟ್ಟುಕೊಳ್ಳುತ್ತಿದ್ದನು. ಇಲ್ಲಿ ಓಲೆಯ ಮೇಲೆ ಇಡುತ್ತಿದ್ದಾರೆ. ಈ ಓಲೆಗಳು ಸೇರಿ ೧೭೦೮ರ ವೇಳೆಗೆ ೨೦,೦೦೦ ಶಬ್ದಗಳ ಒಂದು ಕೋಶವಾಯಿತು. ಕಾವ್ಯಭಾಷೆಯ ಶಬ್ದಗಳಿಗೆ ಬೇರೆಯೇ ಒಂದು ಕೋಶವನ್ನು ಕವಿಗಳನ್ನು ಮನೆಯಲ್ಲಿಟ್ಟುಕೊಂಡು ಸಿದ್ಧಪಡಿಸಿದನು. ವ್ಯವಹಾರದ ನುಡಿ ಬೇರೆ, ಕಾವ್ಯದ ನುಡಿ ಬೇರೆ ಎಂಬ ವಿವೇಕವು ಪರದೇಶದವನಿಗೆ ಎರಡೇ ವರ್ಷಗಳಲ್ಲಿ ಉಂಟಾದುದು ಆ ವೃದ್ಧಕವಿಯ ಪಾಠದ ಫಲವೆನ್ನದೆ ಇರಲಾಗದು.

ಆತನು ಓದಿದ ಗ್ರಂಥಗಳಾವುವು? ಮೊದಲು ಕೈಗೆ ಬಂದವು ತಿಣ್ಣೆಯ ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ನೀತಿಗ್ರಂಥಗಳು. ನೀತಿವೆಣ್ಬಾ, ಉಲಗನೀತಿ, ಅವ್ವೈಯಾರಳ ಹೆಸರಿನಲ್ಲಿರುವ ಕೊನ್ರೈವೇಂದನ್ ಎಂಬ ಮೂರನ್ನು ೧೭೦೮ರಲ್ಲಿ ಜರ್ಮನ್ ಭಾಷೆಗೆ ತಿರುಗಿಸಿದನು. ತಿರುಕ್ಕುರಳನ್ನೂ ಸಿದ್ಧರ ಹಾಡುಗಳಲ್ಲಿ ಶಿವವಾಕ್ಕಿಯರದನ್ನೂ ಬಹುವಾಗಿ ಮೆಚ್ಚಿದನು. ಅದೇ ವರ್ಷ ತನ್ನ ಸಂಗ್ರಹದ ಗ್ರಂಥಗಳ ಒಂದು ಪಟ್ಟಿಯನ್ನು ‘ಬಿಬ್ಲಿಯೊತೇಕಾ ಮಲಬಾರಿಕಾ’ ಎಂಬ ಹೆಸರಿನಿಂದ ಬರೆದು ಹಾಲ್ಲೆಗೆ ಕಳುಹಿಸಿದನು. ಅದರಲ್ಲಿ ಇಲ್ಲಿಯ ಜನರ ಗ್ರಂಥಗಳು ೧೧೯. ಒಂದೊಂದಕ್ಕೂ ವಿಷಯವೇನೆಂಬ ಟಿಪ್ಪಣಿಯಿದೆ. ತಮಿಳಿನ ಹಸ್ತಪ್ರತಿಗಳಿಗೆ ಈ ಬಗೆಯ ವಿವರಣಾತ್ಮಕ ಸೂಚಿಯನ್ನು ಯೂರೋಪಿಯನ್ನರಲ್ಲಿ ಅಷ್ಟು ಮುಂಚೆ ಮಾಡಿದವರು ವಿರಳ. ಈ ದೇಶದವರು ಅನಾಗರಿಕರೆಂದು ತನ್ನ ಸ್ವದೇಶೀಯರು ತಿಳಿದಿರುವುದು ಭಾಷೆಯನ್ನರಿಯದ ಅಜ್ಞಾನದಿಂದ, ತಾನೂ ಮೊದಲು ಹಾಗೆಯೇ ತಿಳಿದಿದ್ದೆನು, ಎಂಬ ಅಭಿಪ್ರಾಯವನ್ನು ಆತನು ಮರೆಮಾಚದೆ ಬರೆದಿದ್ದಾನೆ.

ಆದರೆ ಈ ಗ್ರಂಥಗಳು ಬಂದ ಬಗೆಯನ್ನು ಓದುವಾಗ ಮನಸ್ಸು ಒಂದೇ ತೆರನಾಗಿರುವುದಿಲ್ಲ. ತನ್ನ ಲಿಪಿಕಾರರನ್ನು ಹಲವು ದಿನಗಳ ಪ್ರಯಾಣದಷ್ಟು ದೂರ ಒಳನಾಡಿಗೆ ಕಳುಹಿಸಿ, ತೀರಿಹೋದ ಬ್ರಾಹ್ಮಣರ ವಿಧವೆಯರನ್ನು ಹುಡುಕಿಸಿ, ಅವರ ಮನೆಯಲ್ಲಿ ಉಳಿದ ಓಲೆಗಳನ್ನು ಎಷ್ಟೋ ವೇಳೆ ಅತ್ಯಲ್ಪ ಬೆಲೆಗೆ ಕೊಂಡೆನೆಂದು ಆತನೇ ಬರೆದಿದ್ದಾನೆ. ಗಂಡನು ಓದಿದ ಓಲೆಯನ್ನು ಹೆಂಡತಿಯು ಮಾರಬೇಕಾದ ಮನೆಯ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬಹುದು. ಇದು ಕೊಳ್ಳೆಯೆನ್ನೋಣವೆ? ಹಾಗೆನ್ನಲು ನಾಲಗೆಯು ಏಳುತ್ತದೆ, ಮರುಗಳಿಗೆಯೇ ಹಿಂಜರಿಯುತ್ತದೆ. ಈ ಲೇಖಕನ ಗುರುಗಳ ಮನೆಯಲ್ಲಿ ಅವರ ತಂದೆಯವರ ಕಾಲದ ಓಲೆಯ ಕಟ್ಟುಗಳು ಅಟ್ಟದ ಮೇಲಿದ್ದುವು. ಗುರುಗಳು ಗತಿಸಿದ ಮೇಲೆ, ಗೆದ್ದಲು ಹಿಡಿದ ಅವನ್ನು ಏನು ಮಾಡಬೇಕೆಂದು ತಿಳಿಯದೆ, ಕಸಕ್ಕೆ ಹಾಕಿದರೆ ಪಾಪವೆಂದು, ಅರಸಿನ ಕುಂಕುಮವಿಟ್ಟು ತುಂಗೆಯಲ್ಲಿ ಬಿಟ್ಟರು. ನಾನೂ ಒಂದು ಕಟ್ಟನ್ನು ಹೊತ್ತು ಹೊಳೆಗೆ ಹೋದವನೇ. ಬಿಚ್ಚಿ ನೋಡುವ ಬುದ್ಧಿಯು ಆಗ ಬರಲಿಲ್ಲ. ಹೀಗಿರುವಾಗ ಮುನ್ನೂರು ವರ್ಷಗಳ ಹಿಂದೆ ಅಲ್ಪ ಬೆಲೆ ಕೊಟ್ಟಾದರೂ ಕೊಂಡು, ಹೆಸರನ್ನೂ ವಿಷಯವನ್ನೂ ಬರೆದಿಟ್ಟವನನ್ನು ದೂಷಿಸುವ ಅಧಿಕಾರವು ನನಗಂತೂ ಇಲ್ಲ.

ಇಲ್ಲಿ ಇನ್ನೊಂದು ಮಾತನ್ನು ಪ್ರಸ್ತಾಪಿಸಬೇಕು. ಆಗ ತಂಜಾವೂರಿನಲ್ಲಿ ಆಳುತ್ತಿದ್ದವನು ಭೋಸಲವಂಶದ ಶಾಹಜಿ. ವಿದ್ವಾಂಸರಿಗಾಗಿ ತಿರುವಿಶನಲ್ಲೂರನ್ನು ಶಾಹಜಿರಾಜಪುರವೆಂಬ ಹೆಸರಿನಿಂದ ಅಗ್ರಹಾರವಾಗಿ ಕೊಟ್ಟವನು ಇವನೇ. ಜಾನಕೀಪರಿಣಯ ನಾಟಕದ ಕರ್ತೃವಾದ ರಾಮಭದ್ರದೀಕ್ಷಿತರು ಇದ್ದುದು ಅಲ್ಲಿ. ಕುಂಭಕೋಣದ ಬಳಿಯ ಆ ಅಗ್ರಹಾರಕ್ಕೂ ತರಂಗಂಬಾಡಿಗೂ ಒಂದೆರಡು ದಿನಗಳ ನಡಿಗೆ. ಒಂದು ಕಡೆ ಶಾಸ್ತ್ರಗಳ ಅತಿಸೂಕ್ಷ್ಮವಾದ ಚರ್ಚೆ. ಇನ್ನೊಂದು ಕಡೆ ಮರಳಿನ ಮೇಲೆ ಅಕ್ಷರ ತಿದ್ದುವ ಪರದೇಶಿ. ಅವನ ಗುರುವು ಅಗ್ರಹಾರದ ಶಾಸ್ತ್ರಿಯಲ್ಲ, ಜಗಲಿಯ ಐಗಳು; ಅವನು ಹಿಡಿದ ಮಾರ್ಗವು ಸಂಸ್ಕೃತದ್ದಲ್ಲ, ನಾಡನುಡಿಯದು. ಸಂಸ್ಕೃತದ ವಿದ್ಯಾರ್ಥಿಯಾದ ನನಗೆ ಇದನ್ನು ಹೇಳುವುದು ಅಷ್ಟು ಹಿತವಲ್ಲ. ಆದರೂ, ಆತನು ನೇರವಾಗಿ ಶಾಸ್ತ್ರಗಳ ಬಾಗಿಲಿಗೆ ಹೋಗಿದ್ದರೆ ಉಲಗನೀತಿಯನ್ನು ಕೇಳುವವರು ಯಾರೂ ಇರುತ್ತಿರಲಿಲ್ಲವೆಂಬುದು ನಿಜ.

ಭಾನುವಾರದ ಮಾತಿಗೆ ಬರೋಣ. ಕೋಟೆಯವರಾದ ಡೇನರಿಗೆ ಸೀಯೋನ್ ಎಂಬ ಬೇರೆ ದೇವಾಲಯವಿದ್ದಿತು. ಮಿಶನರಿಗಳು ತಮ್ಮ ಸಭೆಗಾಗಿ ‘ಹೊಸ ಯೆರೂಸಲೇಮ್’ ಎಂಬ ಸಣ್ಣ ಗುಡಿಯನ್ನು ಕಟ್ಟಿ ೧೭೦೭ರ ಆಗಸ್ಟ್ ೧೪ರಂದು ಪ್ರತಿಷ್ಠೆ ಮಾಡಿದರು. ಅಲ್ಲಿ ಬೋಧನೆಯು ತಮಿಳಿನಲ್ಲಿಯೂ ಪೋರ್ತುಗೀಸಿನಲ್ಲಿಯೂ ನಡೆಯುತ್ತಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೊದಲು ದೀಕ್ಷೆ ಪಡೆದ ಐವರು ಡೇನರ ಮನೆಗಳಲ್ಲಿದ್ದ ದಾಸರು. ಆರು ದಿನ ವೃದ್ಧಕವಿಯ ಮುಂದೆ ಕುಳಿತು ಸಂಗ್ರಹಿಸಿದ ನುಡಿಗಳು ಏಳನೆಯ ದಿನ ಅಂಥವರ ಮುಂದೆ ಬೋಧಪೀಠದಿಂದ ಹೊರಡುತ್ತಿದ್ದುವು. ಕವಿಯ ಶೈಲಿಯು ದಾಸನ ಕಿವಿಗೆ ಎಷ್ಟು ಹಿಡಿಯಿತೋ! ಆತನ ತಮಿಳು ಶಿಷ್ಟವೆ ಅಶಿಷ್ಟವೆ ಎಂಬ ವಿಷಯವು ಮುಂದಿನವರಲ್ಲಿ ಬಹಳ ವಾದಕ್ಕೆ ಎಡೆಗೊಟ್ಟಿತು. ಅದೇ ನಾಡಿನಲ್ಲಿ ಆ ಬಳಿಕ ದುಡಿದ ಇಟಲಿಯ ಜೆಸ್ಯೂಟ್ ಬೆಸ್ಕಿಯು, ವೀರಮಾಮುನಿವರ್ ಎಂದು ಪ್ರಸಿದ್ಧನಾಗಿ ತೇಂಬಾವಣಿ ಎಂಬ ಮಹಾಕಾವ್ಯವನ್ನು ಬರೆದವನು, ತರಂಗಂಬಾಡಿಯವರ ತಮಿಳನ್ನು ಕಟುವಾಗಿಯೇ ಹಾಸ್ಯಮಾಡಿದನು.

ಈ ನಿಯಮಬದ್ಧವಾದ ವಾರವು ೧೭೦೮ರ ನವೆಂಬರಿನಲ್ಲಿ ಮುರಿಯಿತು. ತಮಿಳು ಕ್ಷೌರಿಕನೊಬ್ಬನ ವಿಧವೆಗೂ ಕಂಪೆನಿಯಲ್ಲಿ ದುಭಾಷಿಯಾಗಿದ್ದವನಿಗೂ ಸತ್ತ ಗಂಡನ ಸಾಲದ ವಿಚಾರದಲ್ಲಿ ವ್ಯಾಜ್ಯ ಬಿದ್ದಿತು. ಜೀಗೆನ್‌ಬಾಲ್ಗನು ಆ ಹೆಂಗಸಿನ ಪರವಾಗಿ ಗವರ್ನರನ ಬಳಿ ವಾದಿಸಿದನು. ಮೊದಲೇ ಅಸಮಾಧಾನಗೊಂಡಿದ್ದ ಹಾಸ್ಸಿಯುಸನು ಅವನನ್ನು ಹಿಡಿಸಿ ಡಾನ್ಸ್‌ಬೋರ್ಗ್ ಕೋಟೆಯಲ್ಲಿ ಸೆರೆಯಿಟ್ಟನು. ನಾಲ್ಕು ತಿಂಗಳು ಕಳೆದು, ೧೭೦೯ರ ಮಾರ್ಚಿನಲ್ಲಿ ಬಿಡುಗಡೆ. ವಿಧವೆಯರ ಓಲೆಗಳನ್ನು ಅಗ್ಗವಾಗಿ ಕೊಂಡವನೇ ಇನ್ನೊಬ್ಬ ವಿಧವೆಗಾಗಿ ಸೆರೆಮನೆ ಕಂಡನೆಂಬ ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮನುಷ್ಯನನ್ನು ಒಂದೇ ಮಾತಿನಲ್ಲಿ ಅಳೆಯುವ ಚಪಲವು ಕಡಿಮೆಯಾಗುತ್ತದೆ. ಸೆರೆಗೆ ಹೋಗುವ ಸ್ವಲ್ಪ ಮೊದಲು ಹೊಸ ಒಡಂಬಡಿಕೆಯನ್ನು ತಮಿಳಿಗೆ ತಿರುಗಿಸಲು ಕೈಹಾಕಿದ್ದನು. ಬಿಡುಗಡೆಯ ಬಳಿಕ ಮುಂದುವರಿಸಿ ೧೭೧೧ರಲ್ಲಿ ಮುಗಿಸಿದನು. ಲಂಡನ್ನಿನ ಧರ್ಮಜ್ಞಾನಸಂಘದವರು ಕಳುಹಿಸಿದ ಅಚ್ಚಿನ ಯಂತ್ರವೂ ಹಾಲ್ಲೆಯಿಂದ ಬಂದ ತಮಿಳು ಮೊಳೆಗಳೂ ಕೂಡಿದ ಮೇಲೆ ೧೭೧೪–೧೫ರಲ್ಲಿ ಅದು ಅಚ್ಚಾಯಿತು.

ಈಗ ಮುಖ್ಯವಾದ ಪ್ರಶ್ನೆ. ಈ ಅಧ್ಯಯನವೆಲ್ಲವೂ ಯಾತಕ್ಕಾಗಿ? ಖಂಡನಕ್ಕಾಗಿ ಎಂಬುದನ್ನು ಆತನು ಮುಚ್ಚಿಡಲಿಲ್ಲ. ಹಾಗಾದರೆ ಅದಕ್ಕೆ ವಿದ್ಯೆಯೆಂಬ ಗೌರವ ಸಲ್ಲುವುದೆ ಎಂದು ನಮ್ಮ ಕೆಲವು ಮಿತ್ರರು ಕೇಳುತ್ತಾರೆ. ಇದಕ್ಕೆ ನಮ್ಮ ಶಾಸ್ತ್ರಪದ್ಧತಿಯಲ್ಲಿಯೇ ಉತ್ತರವಿದೆ. ಪೂರ್ವಪಕ್ಷವನ್ನು ಎದುರಾಳಿಯು ಒಪ್ಪುವಂತೆ ನಿರೂಪಿಸದೆ ಸಿದ್ಧಾಂತಕ್ಕೆ ಕೈಹಾಕುವವನನ್ನು ನಾವು ವಾದಿಯೆನ್ನುವುದಿಲ್ಲ. ಮಾಧವಾಚಾರ್ಯರು ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕನನ್ನೂ ಬೌದ್ಧನನ್ನೂ ಮೊದಲು ಮಾತನಾಡಗೊಟ್ಟರು. ಚಾರ್ವಾಕಮತದ ಬಗೆಗೆ ನಾವು ಈಗ ಬಲ್ಲುದರಲ್ಲಿ ಹೆಚ್ಚು ಪಾಲು ಅದನ್ನು ಖಂಡಿಸಿದವರ ಕೃತಿಗಳಿಂದಲೇ ಬಂದದ್ದು. ಜೀಗೆನ್‌ಬಾಲ್ಗನು ೧೭೧೧ರಲ್ಲಿ ಈ ಜನರ ಮತಾಚಾರಗಳನ್ನು ಕುರಿತೂ, ೧೭೧೩ರಲ್ಲಿ ದೇವತೆಗಳ ವಂಶಾವಳಿಯನ್ನು ಕುರಿತೂ ಬರೆದ ಎರಡು ದೊಡ್ಡ ಗ್ರಂಥಗಳಲ್ಲಿ ಇಂಥ ಪೂರ್ವಪಕ್ಷನಿರೂಪಣೆಯೇ ಪ್ರಧಾನ. ತಮಿಳು ಗ್ರಂಥಗಳ ಆಧಾರದಿಂದಲೂ ತಮಿಳರು ತನಗೆ ಬರೆದ ಪತ್ರಗಳಿಂದಲೂ ವಿಷಯವನ್ನು ಅವರ ಮಾತಿನಲ್ಲಿಯೇ ಇಡುತ್ತಾನೆ. ಗ್ರಾಮದೇವತೆಗಳಿಗೂ ಅಲ್ಲಿ ಸ್ಥಾನವಿದೆ. ನಮ್ಮ ಪಂಡಿತರಲ್ಲಿ ಎಷ್ಟು ಮಂದಿ ಅವನ್ನು ಬರೆಯಲು ತಕ್ಕ ವಿಷಯವೆಂದು ಎಣಿಸಿದ್ದರು?

ಈ ಪೂರ್ವಪಕ್ಷವು ಸ್ವದೇಶದಲ್ಲಿ ಮಾತ್ರ ಯಾರಿಗೂ ಬೇಕಾಗಲಿಲ್ಲ. ಮಿಶನರಿಗಳನ್ನು ಕಳುಹಿಸಿದುದು ಆ ಮತವನ್ನು ಅಲ್ಲಿ ಕೀಳುವುದಕ್ಕಾಗಿ, ಇಲ್ಲಿ ಯೂರೋಪಿನಲ್ಲಿ ಹರಡುವುದಕ್ಕಲ್ಲ ಎಂಬ ಅರ್ಥದ ಮಾತನ್ನು ಫ್ರಾಂಕೆಯು ಆಡಿದನೆಂದು ಪ್ರಸಿದ್ಧವಾಗಿದೆ. ದೇವತೆಗಳ ವಂಶಾವಳಿಯು ಗೆರ್ಮಾನ್ ಎಂಬ ಪಾದ್ರಿಯ ಪ್ರಯತ್ನದಿಂದ ೧೮೬೭ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಮತಾಚಾರಗಳ ಗ್ರಂಥವನ್ನೂ ಮೂರು ನೀತಿಗ್ರಂಥಗಳ ಅನುವಾದವನ್ನೂ ೧೯೨೬, ೧೯೩೦ರಲ್ಲಿ ಅಚ್ಚಿಗೆ ಕೊಟ್ಟವನು ವೈದಿಕ ವಿದ್ವಾಂಸರಿಗೆ ಸುಪರಿಚಿತನಾದ ಡಚ್ ಪಂಡಿತ ಕಾಲಾಂಡ್. ಶ್ರೌತಸೂತ್ರಗಳನ್ನು ಶೋಧಿಸಿ ಪ್ರಕಟಿಸಿದ ಕೈಯೇ ಕೊನ್ರೈವೇಂದನ್ನಿನ ಜರ್ಮನ್ ಅನುವಾದವನ್ನೂ ಬೆಳಕಿಗೆ ತಂದಿತು.

ಕನ್ನಡ ನಾಡಿಗೆ ಈ ಕ್ರಮವು ಬಂದುದು ಬಹಳ ತಡವಾಗಿ. ೧೮೧೭ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾದ ಶ್ರೀರಾಂಪುರವೂ ಡೇನರ ನೆಲೆಯೇ ಆಗಿದ್ದಿತು. ಅದನ್ನೂ ತರಂಗಂಬಾಡಿಯನ್ನೂ ಅವರು ೧೮೪೫ರಲ್ಲಿ ಇಂಗ್ಲಿಷರಿಗೆ ಮಾರಿದರು. ಮಂಗಳೂರಿಗೆ ೧೮೩೬ರಲ್ಲಿ ಬಂದ ಮೇಗ್ಲಿಂಗನನ್ನೂ, ೧೮೫೩ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ ಬಂದ ಕಿಟ್ಟೆಲನನ್ನೂ ಈ ಪತ್ರಿಕೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಕಿಟ್ಟೆಲನ ಮೇಲೂ ಬೋಧನೆಗಿಂತ ಗ್ರಂಥಕ್ಕೆ ಹೆಚ್ಚು ಕಾಲ ಕೊಡುತ್ತಾನೆಂಬ ಆಕ್ಷೇಪವು ಅವನ ಕಡೆಯವರಿಂದಲೇ ಬಂದಿತು. ತರಂಗಂಬಾಡಿಯ ಎಂಟು ಗಂಟೆಗಳನ್ನು ಎಣಿಸಿದವರಿಗೆ ಆ ಆಕ್ಷೇಪದ ಮೂಲವು ಎಷ್ಟು ಹಳೆಯದೆಂದು ತಿಳಿಯುತ್ತದೆ.

ಜೀಗೆನ್‌ಬಾಲ್ಗನು ೧೭೧೪ರಲ್ಲಿ ಯೂರೋಪಿಗೆ ಹೊರಟಾಗ ಮಲೆಯಪ್ಪನೆಂಬ ತಮಿಳು ತರುಣನನ್ನು ಜೊತೆಯಲ್ಲಿ ಕರೆದುಕೊಂಡನು. ಪ್ರಯಾಣದಲ್ಲಿ ತಮಿಳಿನ ಅಭ್ಯಾಸವು ತಪ್ಪಬಾರದೆಂಬುದು ಅದಕ್ಕೆ ಒಂದು ಕಾರಣ. ಹಡಗಿನಲ್ಲಿ ಬರೆದ ತಮಿಳು ವ್ಯಾಕರಣವು ‘ಗ್ರಮ್ಮಾತಿಕಾ ದಮುಲಿಕಾ’ ಎಂಬ ಹೆಸರಿನಿಂದ ಲ್ಯಾಟಿನ್ ಭಾಷೆಯಲ್ಲಿ ೧೭೧೬ರಲ್ಲಿ ಹಾಲ್ಲೆಯಲ್ಲಿ ಅಚ್ಚಾಯಿತು. ಅದೇ ವರ್ಷ ಆತನು ತರಂಗಂಬಾಡಿಗೆ ಹಿಂದಿರುಗಿದನು. ೧೭೧೯ರ ಫೆಬ್ರುವರಿ ೨೩ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡು, ಹಿಂದಿನ ವರ್ಷವಷ್ಟೇ ಮುಗಿದಿದ್ದ ಹೊಸ ದೇವಾಲಯದೊಳಗೆ ಸಮಾಧಿಯಾದನು. ಎರಡು ಸಾವಿರ ಪೂರ್ವಾಹ್ಣಗಳನ್ನಾದರೂ ಅವನೊಡನೆ ಕಳೆದ ಕವಿಗಳೂ ಲಿಪಿಕಾರರೂ ಆ ವ್ಯಾಕರಣದ ಮುಖಪತ್ರದ ಮೇಲಿಲ್ಲ. ಕಲ್ಲಚ್ಚೋ ಮೊಳೆಯಚ್ಚೋ, ಇಂಥ ಪುಸ್ತಕಗಳು ನಮ್ಮ ಗ್ರಂಥಭಂಡಾರಗಳಲ್ಲಿ ಎಷ್ಟೋ ಇವೆ. ಮುಖಪತ್ರವನ್ನು ಬಿಟ್ಟು ಪೀಠಿಕೆಗಳ ಸಣ್ಣ ಅಕ್ಷರಗಳನ್ನು ಓದಿ, ಪಂಡಿತರ, ಮುನಷಿಗಳ, ಲಿಪಿಕಾರರ ಹೆಸರುಗಳನ್ನು ಒಂದೆಡೆ ಬರೆದಿಡುವ ಕೆಲಸಕ್ಕೆ ನಮ್ಮ ತರುಣ ಸಂಶೋಧಕರಲ್ಲಿ ಯಾರಾದರೂ ಕೈಹಾಕುವುದಾದರೆ, ಕನ್ನಡದ ಮಟ್ಟಿಗೆ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳಿಂದ ಮೊದಲುಮಾಡಬಹುದು.